ತಲೆಯ ಗಾಯ ಮಾಯ್ದ ಮೇಲೆ

ಚಿಕ್ಕಪೇಟೆಯ ಅಂಗಡಿಗಳಲ್ಲಿ ಜಾಗ ಕಡಿಮೆ, ಸರಕು ಹೆಚ್ಚು. ಕಿರಿದಾದ ಮೆಟ್ಟಿಲು, ತಗ್ಗಾದ ಬಾಗಿಲು, ಅಟ್ಟದ ತುಂಬ ಜವಳಿಯ ಗಂಟುಗಳು; ಹೊರಗೆ ಕಾಲಿಟ್ಟರೆ ಕೈಗಾಡಿ, ಸ್ಕೂಟರುಗಳ ಸಂದಣಿ. ಇಂಥಲ್ಲಿ ತಲೆಗೆ ಪೆಟ್ಟು ತಗಲುವುದು ಅಪರೂಪವೇನಲ್ಲ. ಕ್ಷಣಕಾಲ ಕಣ್ಣು ಕತ್ತಲೆಗಟ್ಟುತ್ತದೆ. ಆಸ್ಪತ್ರೆಗೆ ಒಯ್ದು ಸ್ಕ್ಯಾನ್ ಮಾಡಿಸುತ್ತಾರೆ. "ಏನೂ ಇಲ್ಲ" ಎಂದರೆ ಮನೆಮಂದಿ ನಿಟ್ಟುಸಿರು ಬಿಡುತ್ತಾರೆ. ಆ "ಏನೂ ಇಲ್ಲ" ಎಂಬುದರ ಕುರಿತೇ ನಾವು ನಾಲ್ಕು ಮಾತು ಬರೆಯಬೇಕಾಗಿದೆ.

ವೈದ್ಯರು ಇದನ್ನು ಲಘು ಮಿದುಳುಗಾಯ ಎನ್ನುತ್ತಾರೆ. ಪ್ರಜ್ಞೆ ತಪ್ಪಿದರೂ ಅದು 30 ನಿಮಿಷ ಮೀರಿರುವುದಿಲ್ಲ. ಸ್ಕ್ಯಾನ್ ಮುಖ್ಯವಾಗಿ ರಕ್ತಸ್ರಾವವನ್ನೂ ಎಲುಬಿನ ಬಿರುಕನ್ನೂ ತೋರುತ್ತದೆ. ನರತಂತುಗಳಿಗಾದ ಸೂಕ್ಷ್ಮವಾದ ಹಾನಿ ಅದಕ್ಕೆ ಸಿಕ್ಕುವುದಿಲ್ಲ. ಬಹುಮಂದಿ ಕೆಲವು ವಾರಗಳಲ್ಲಿ ಗುಣ ಹೊಂದುತ್ತಾರೆ. ಉಳಿದವರ ಪಾಡೇನು? ಲೆಕ್ಕ ಬರೆಯುವವನಿಗೆ ಕೂಡಿಸಿದ ಮೊತ್ತವೇ ತಪ್ಪುತ್ತದೆ. ಪಾತ್ರೆಯ ಸದ್ದಿಗೆ ತಲೆ ಸಿಡಿಯುತ್ತದೆ. ರಾತ್ರಿ ನಿದ್ದೆಯಿಲ್ಲ, ಹಗಲು ಉತ್ಸಾಹವಿಲ್ಲ. ಮಕ್ಕಳನ್ನು ಎಂದೂ ಗದರದವನು ಈಗ ಮಾತುಮಾತಿಗೆ ಸಿಡುಕುತ್ತಾನೆ. ಗಾಯ ಮಾಯ್ದಿದೆ, ಆದ್ದರಿಂದ ಮನೆಯವರು ಇದನ್ನು ಸೋಮಾರಿತನವೆನ್ನುತ್ತಾರೆ, ಇಲ್ಲವೆ ಯಾರದೋ ದೃಷ್ಟಿಯೆಂದು ತಾಯಿತ ಕಟ್ಟಿಸುತ್ತಾರೆ. ಪೆಟ್ಟಿಗಿಂತ ಈ ಮಾತುಗಳೇ ಅವನನ್ನು ಹೆಚ್ಚು ಕುಗ್ಗಿಸುತ್ತವೆಂಬುದು ನಮ್ಮ ಭಾವನೆ.

2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 11 ಆಸ್ಪತ್ರೆಗಳ 1,155 ಮಂದಿ ಲಘು ಮಿದುಳುಗಾಯದವರನ್ನು ಗಮನಿಸಿತು. ಆರು ತಿಂಗಳ ನಂತರ ಅವರಲ್ಲಿ ಶೇ. 21ರಷ್ಟು ಮಂದಿಗೆ ಖಿನ್ನತೆಯೋ ಆಘಾತೋತ್ತರ ಒತ್ತಡದ ಕಾಯಿಲೆಯೋ ಎರಡೂ ಕೂಡಿಯೋ ಕಂಡುಬಂದವು. ಕೈಕಾಲು ಮುಂತಾದೆಡೆ ಗಾಯಗೊಂಡು ತಲೆಗೆ ಪೆಟ್ಟಾಗದವರಲ್ಲಿ ಈ ಪ್ರಮಾಣ ಶೇ. 12 ಮಾತ್ರ. ಮೊದಲೇ ಮನೋವ್ಯಾಧಿಯಿದ್ದವರಿಗೂ ಹಲ್ಲೆಯಿಂದ ಪೆಟ್ಟಾದವರಿಗೂ ಅಪಾಯ ಅಧಿಕ. ಈ ಕೊನೆಯ ಮಾತನ್ನು ಓದುಗರು ತುಸು ನಿಂತು ಓದಬೇಕು. ಗಂಡನ ಕೈಯ ಪೆಟ್ಟನ್ನು "ಬಚ್ಚಲಲ್ಲಿ ಜಾರಿದೆ" ಎಂದು ಮರೆಮಾಚುವ ಹೆಣ್ಣುಮಕ್ಕಳು ಮರ್ಯಾದಸ್ಥರ ಮನೆಗಳಲ್ಲಿಯೂ ಉಂಟು. ಅವರ ಮಂಕುತನಕ್ಕೆ ಕಾರಣ ಕೇಳುವವರು ಯಾರು?

ಬೆಂಗಳೂರಿಗರಿಗೆ ಚಿಕಿತ್ಸೆ ದೂರವಿಲ್ಲ. 1847ರಷ್ಟು ಹಿಂದೆ ಇಲ್ಲಿ ಆರಂಭವಾದ ಹುಚ್ಚರ ಆಸ್ಪತ್ರೆಯು 1925ರಲ್ಲಿ ಮಾನಸಿಕ ಆಸ್ಪತ್ರೆಯೆನಿಸಿತು; 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೊಡನೆ 1974ರಲ್ಲಿ ಕೂಡಿ ನಿಮ್ಹಾನ್ಸ್ ಆಯಿತು. ಮಾನಸಿಕ ಆರೋಗ್ಯ, ನರವಿಜ್ಞಾನ ಎರಡೂ ಅದರ ಹೆಸರಿನಲ್ಲೇ ಜೊತೆಗಿವೆ. ಅಲ್ಲಿಗೆ ಹೋದವನನ್ನು ಹುಚ್ಚನೆಂದು ಆಡಿಕೊಳ್ಳುವ ಹಳೆಯ ಚಾಳಿ ಪೇಟೆಯಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಮಗಳ ಸಂಬಂಧ ಕುದುರುವುದಿಲ್ಲವೆಂಬ ಅಂಜಿಕೆಯಿಂದ ಚೀಟಿ ಮಾಡಿಸದೆ ಹಿಂದಿರುಗುವವರೂ ಇದ್ದಾರೆ.

ಪೆಟ್ಟಾದ ಬಳಿಕ ಪದೇ ಪದೇ ವಾಂತಿ, ಏರುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಅಂಥದೇನೂ ಇಲ್ಲದಿದ್ದರೆ ಒಂದೆರಡು ದಿನ ವಿಶ್ರಾಂತಿ ಸಾಕು. ವಾರಗಟ್ಟಲೆ ಕತ್ತಲೆಕೋಣೆಯಲ್ಲಿ ಮಲಗಿಸುವುದು ಹಿತವಲ್ಲವೆಂದು ಈಗಿನ ವೈದ್ಯರ ಮತ. ಅಂಗಡಿಗೆ ಮೊದಲು ಅರ್ಧ ದಿನ ಹೋಗಲಿ, ದೊಡ್ಡ ಲೆಕ್ಕವನ್ನು ಮತ್ತೊಬ್ಬರು ನೋಡಲಿ. ಮದ್ಯ ಬೇಡ. ತಲೆ ತಿರುಗುವುದು ನಿಲ್ಲುವವರೆಗೆ ಸ್ಕೂಟರೂ ಬೇಡ. ಮೂರು ತಿಂಗಳು ಕಳೆದ ಮೇಲೆ ಮನೆಯ ಹಿರಿಯರು ಬಿಡುವಾಗಿ ಕುಳಿತು, ನಿದ್ದೆ ಹೇಗಿದೆ, ಮನಸ್ಸು ಹೇಗಿದೆ ಎಂದು ವಿಚಾರಿಸಬೇಕು. ಬದುಕು ಬೇಡವೆಂಬ ಮಾತು ಬಾಯಿಂದ ಬಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯುವುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆಯೂ ಇದೆ. ಸಂಖ್ಯೆ 14416, ಹಗಲುರಾತ್ರಿ ಕನ್ನಡದಲ್ಲಿಯೇ ಮಾತನಾಡಬಹುದು.