ತೂಕ ಒಂದೇ, ಅಣು ಬೇರೆ: ಗುರುತಿಸುವುದು ಹೇಗೆ?

ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಔಷಧಿ ರಕ್ತದಲ್ಲಿ ತುಸು ಹೆಚ್ಚಾದರೂ ಅಪಾಯಕಾರಿ. ಆದ್ದರಿಂದ ಅದರ ಪ್ರಮಾಣವನ್ನು ಅಳೆಯಬೇಕಾಗುತ್ತದೆ. ರೋಗಿ ಕಾಫಿ ಕುಡಿದಿದ್ದರೆ ಕೆಫೀನಿನಿಂದ ಉಂಟಾದ ಪ್ಯಾರಾಕ್ಸಾಂಥಿನ್ ಮತ್ತು ಥಿಯೋಬ್ರೋಮಿನ್‌ಗಳೂ ರಕ್ತದಲ್ಲಿರುತ್ತವೆ. ಈ ಮೂರರ ಅಣುಸೂತ್ರವೂ ಒಂದೇ! ಹಾಗಾದರೆ ಇವುಗಳನ್ನು ಗುರುತಿಸುವುದು ಹೇಗೆ?

ರಾಶಿ ರೋಹಿತಮಾಪಕ, ಅಂದರೆ ಮಾಸ್ ಸ್ಪೆಕ್ಟ್ರೋಮೀಟರ್, ಅಣುಗಳನ್ನು ಅಯಾನುಗಳಾಗಿಸಿ ಅವುಗಳ ರಾಶಿ ಮತ್ತು ವಿದ್ಯುದಾವೇಶಗಳ ಅನುಪಾತವನ್ನು ಅಳೆಯುತ್ತದೆ. ಒಂದು ಪ್ರೋಟಾನ್ ಸೇರಿದ ಥಿಯೋಫಿಲಿನ್ 181.0720ರಲ್ಲಿ ಕಾಣಿಸುತ್ತದೆ. ಪ್ರೋಟಾನಿನ ರಾಶಿಯನ್ನು ಕಳೆದರೆ 180.0647. ಕಾರ್ಬನ್-12ರ ಹೊರತು ಯಾವ ಪರಮಾಣುವಿನ ರಾಶಿಯೂ ನಿಖರವಾಗಿ ಪೂರ್ಣಾಂಕವಲ್ಲ. ಆದ್ದರಿಂದ ಈ ದಶಮಾಂಶಗಳೇ ಸುಳಿವು. ಗಣಕವು ಪರಮಾಣುಗಳ ವಿವಿಧ ಜೋಡಣೆಗಳನ್ನು ಲೆಕ್ಕ ಹಾಕಿ, ಹೊಂದುವ ಸೂತ್ರಗಳನ್ನು ಆರಿಸುತ್ತದೆ. ಇಲ್ಲಿ ಸರಿಯಾದ ಸೂತ್ರ 7 ಕಾರ್ಬನ್, 8 ಹೈಡ್ರೊಜನ್, 4 ನೈಟ್ರೊಜನ್ ಮತ್ತು 2 ಆಕ್ಸಿಜನ್. ಸಮಸ್ಥಾನಿಗಳ ಶಿಖರಗಳು ಈ ಆಯ್ಕೆಯನ್ನು ಪರಿಶೀಲಿಸಲು ನೆರವಾಗುತ್ತವೆ.

ಸೂತ್ರ ತಿಳಿದ ಮಾತ್ರಕ್ಕೆ ರಚನೆ ತಿಳಿಯದು. ಅದಕ್ಕಾಗಿ ಅಯಾನುಗಳನ್ನು ಅನಿಲದ ಅಣುಗಳಿಗೆ ಡಿಕ್ಕಿ ಹೊಡೆಸಿ ಒಡೆಯಲಾಗುತ್ತದೆ. ಆಗ ಥಿಯೋಬ್ರೋಮಿನ್ 43.0058 ರಾಶಿಯ ಐಸೋಸಯನಿಕ್ ಆಮ್ಲವನ್ನು ಕಳೆದುಕೊಂಡು 138.0662ರ ತುಣುಕನ್ನು ಕೊಡುತ್ತದೆ. ಥಿಯೋಫಿಲಿನ್ ಅಣುವಿನ ಅದೇ ಭಾಗದಲ್ಲಿ ಒಂದು ಮೀಥೈಲ್ ಗುಂಪು ಇದೆ. ಹಾಗಾಗಿ ಅದು 57.0215ರಷ್ಟು ಕಳೆದುಕೊಂಡು 124.0505ಕ್ಕೆ ಇಳಿಯುತ್ತದೆ.

ತುಣುಕುಗಳ ಈ ರೋಹಿತವನ್ನು ಗಣಕವು ಮೊದಲು ಸಂಗ್ರಹದಲ್ಲಿರುವ ರೋಹಿತಗಳೊಡನೆ ಹೋಲಿಸುತ್ತದೆ. ಸಂಗ್ರಹದಲ್ಲಿ ಇಲ್ಲದಿದ್ದರೆ? 2010ರಲ್ಲಿ ಪ್ರಕಟವಾದ ಮೆಟ್‌ಫ್ರಾಗ್ ಎಂಬ ತಂತ್ರಾಂಶ, ಸಂಭಾವ್ಯ ಅಣುಗಳ ಬಂಧಗಳನ್ನು ಲೆಕ್ಕದಲ್ಲೇ ಕತ್ತರಿಸಿ, ಯಾವ ಅಣು ಹೆಚ್ಚು ಶಿಖರಗಳನ್ನು ವಿವರಿಸುತ್ತದೆಂದು ನೋಡುತ್ತದೆ. 2015ರ ಸಿಎಸ್‌ಐ-ಫಿಂಗರ್‌ಐಡಿ ವಿಧಾನವು ತುಣುಕುಗಳ ವೃಕ್ಷವನ್ನು ರಚಿಸಿ, ಅಣುವಿನಲ್ಲಿ ಯಾವ ಯಾವ ರಚನಾಂಶಗಳಿರಬಹುದೆಂದು ಊಹಿಸುತ್ತದೆ; ಅನಂತರ ಪಬ್‌ಕೆಮ್‌ನಂತಹ ದತ್ತಸಂಚಯದಲ್ಲಿ ಅವುಗಳಿಗೆ ಹೊಂದುವ ಅಣುವನ್ನು ಹುಡುಕುತ್ತದೆ. ಇಂತಹ ಪ್ರಯತ್ನಗಳಿಗೆ ನಾಂದಿ ಹಾಡಿದ್ದು 1965ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಡೆಂಡ್ರಾಲ್ ಯೋಜನೆ.

ಆದರೂ ಒಂದು ತೊಡಕು ಉಳಿಯುತ್ತದೆ. ಪ್ಯಾರಾಕ್ಸಾಂಥಿನ್‌ನಲ್ಲೂ ಆ ಮೀಥೈಲ್ ಗುಂಪು ಅದೇ ಸ್ಥಾನದಲ್ಲಿದೆ, ಅದೂ 124.0505ರ ತುಣುಕನ್ನೇ ಕೊಡುತ್ತದೆ. ಗಣಕ ಎರಡಕ್ಕೂ ಹೆಚ್ಚುಕಡಮೆ ಸಮಾನ ಅಂಕ ಕೊಡಬಹುದು. ಆದ್ದರಿಂದ ದ್ರವ ವರ್ಣರೇಖನದಿಂದ ಅಣುಗಳನ್ನು ಮೊದಲೇ ಬೇರ್ಪಡಿಸಿ, ಶುದ್ಧ ಥಿಯೋಫಿಲಿನ್ ಹೊರಬರುವ ಸಮಯದೊಡನೆ ಹೋಲಿಸಲೇಬೇಕು. ಇಲ್ಲದಿದ್ದರೆ ಕಾಫಿಯ ಅಂಶವೂ ಔಷಧಿಯ ಲೆಕ್ಕಕ್ಕೆ ಸೇರಿ, ರೋಗಿಗೆ ಸಿಗಬೇಕಾದ ಔಷಧಿ ಕಡಿತವಾದೀತು.