ಮನೆ ಬಾಗಿಲಿಗೆ ಬರುವ ಬೇಡದ ಜಾಹೀರಾತು: ತಡೆಯುವ ಬಗೆ ಮತ್ತು ಗ್ರಾಮ ಪಂಚಾಯತಿಯ ಪಾತ್ರ

ಹಿಂಡಲಗಾ ಗ್ರಾಮವು ಬೆಳಗಾವಿ ನಗರಕ್ಕೆ ಹೊಂದಿಕೊಂಡು, ವೆಂಗುರ್ಲಾ ಕಡೆಗೆ ಸಾಗುವ ರಸ್ತೆಯಲ್ಲಿದೆ. ಆಡಳಿತದ ದೃಷ್ಟಿಯಿಂದ ಅದು ಗ್ರಾಮ. ವ್ಯಾಪಾರಸ್ಥರ ದೃಷ್ಟಿಯಿಂದ ನಗರದ್ದೇ ಒಂದು ಬಡಾವಣೆ. ಆದುದರಿಂದ ನಗರದ ಬಟ್ಟೆ ಅಂಗಡಿ, ಕೋಚಿಂಗ್ ಕೇಂದ್ರ, ಚಿನ್ನದ ಮೇಲಿನ ಸಾಲ ಹಾಗೂ ನಿವೇಶನ ಮಾರಾಟದ ಜಾಹೀರಾತುಗಳು ಇಂತಹ ಗ್ರಾಮಗಳ ಮನೆಗಳನ್ನು ಪತ್ರಿಕೆಯೊಳಗಿನ ಕರಪತ್ರವಾಗಿ, ಅಂಚೆಯಾಗಿ, ಮೊಬೈಲ್ ಸಂದೇಶವಾಗಿ ತಲುಪುತ್ತವೆ. ಖಾನಾಪುರ ತಾಲೂಕಿನ ಜಾಂಬೋಟಿ, ಕಣಕುಂಬಿಯಂತಹ ಕಾಡಂಚಿನ ಊರುಗಳಿಗೆ ಕಾಗದದ ಕರಪತ್ರ ಅಷ್ಟಾಗಿ ಹೋಗದಿದ್ದರೂ ಮೊಬೈಲ್ ಸಂದೇಶಗಳಿಗೆ ದೂರದ ಹಂಗಿಲ್ಲ.

ಮೊಬೈಲ್ ಮೂಲಕ ಬರುವ ಜಾಹೀರಾತನ್ನು ತಡೆಯಲು ದೇಶದಲ್ಲಿ ನೋಂದಣಿ ವ್ಯವಸ್ಥೆಯಿದೆ. ಕಾಗದದ ಜಾಹೀರಾತಿಗೆ ಅಂತಹ ವ್ಯವಸ್ಥೆಯಿಲ್ಲ. ಮೊದಲನೆಯದನ್ನು ಜನರಿಗೆ ತಿಳಿಸುವುದು, ಎರಡನೆಯದಕ್ಕೆ ಊರಿನ ಮಟ್ಟದಲ್ಲಿಯೇ ಕಟ್ಟುಪಾಡು ರೂಪಿಸುವುದು, ಇವೆರಡೂ ಗ್ರಾಮ ಪಂಚಾಯತಿ ಸದಸ್ಯರಿಂದ ಆಗಬಹುದಾದ ಕೆಲಸಗಳು.

ಹೊರೆ ಯಾರದು?

ಎ4 ಅಳತೆಯ ಸಾಮಾನ್ಯ ಹಾಳೆಯೊಂದರ ತೂಕ ಸುಮಾರು 5 ಗ್ರಾಂ. ಒಂದು ಮನೆಗೆ ವಾರಕ್ಕೆ 3 ಕರಪತ್ರಗಳು ಬರುತ್ತವೆ ಎಂದಿಟ್ಟುಕೊಂಡರೆ ವರ್ಷಕ್ಕೆ 156 ಹಾಳೆಗಳಾಗುತ್ತವೆ. 1,000 ಮನೆಗಳಿರುವ ಊರಿನಲ್ಲಿ ಇದು 1,56,000 ಹಾಳೆ, ಅಂದರೆ ಸುಮಾರು 780 ಕಿಲೋ ಕಾಗದ. ಇದನ್ನು ಮುದ್ರಿಸಿದವರು ಮುದ್ರಣದ ವೆಚ್ಚವನ್ನಷ್ಟೇ ಭರಿಸುತ್ತಾರೆ. ಸಂಗ್ರಹಿಸುವ, ಸಾಗಿಸುವ, ವಿಂಗಡಿಸುವ ವೆಚ್ಚ ಸ್ವಚ್ಛವಾಹಿನಿ ಓಡಿಸುವ ಗ್ರಾಮ ಪಂಚಾಯತಿಯ ಪಾಲಿಗೆ ಬರುತ್ತದೆ.

ಎಲ್ಲ ಕರಪತ್ರಗಳೂ ರದ್ದಿಗೆ ಸಲ್ಲುವುದಿಲ್ಲ. ಸಾದಾ ಕಾಗದ ಹಾಗೂ ಹೊಳಪು ಕಾಗದ ಮರುಬಳಕೆಗೆ ಯೋಗ್ಯ. ಪ್ಲಾಸ್ಟಿಕ್ ಪದರ ಅಂಟಿಸಿದ ಲ್ಯಾಮಿನೇಟೆಡ್ ಹಾಳೆ ಹಾಗಲ್ಲ. ಹರಿದಾಗ ಅಂಚಿನಲ್ಲಿ ತೆಳು ಪೊರೆ ಎದ್ದು ಬಂದರೆ ಅದನ್ನು ಕಾಗದದ ಕಟ್ಟಿನಿಂದ ಬೇರೆ ಇಡಬೇಕು. ಹಸಿ ಕಸದೊಡನೆ ಬೆರೆತ ಕಾಗದ ಎರಡಕ್ಕೂ ಕೇಡು. ನೀರೊಲೆಗೆ ಹಾಕಿ ಉರಿಸಿದ ಪ್ಲಾಸ್ಟಿಕ್ ಹಾಳೆಯ ಹೊಗೆ ಮನೆಯವರ ಆರೋಗ್ಯಕ್ಕೆ ಹಾನಿಕರ.

ಪತ್ರಿಕೆಯೊಳಗಿನ ಕರಪತ್ರ

ಕರಪತ್ರಗಳನ್ನು ದಿನಪತ್ರಿಕೆಯೊಳಗೆ ಇಡುವ ಕೆಲಸ ಸಾಮಾನ್ಯವಾಗಿ ಮುದ್ರಣಾಲಯದಲ್ಲಿ ನಡೆಯುವುದಿಲ್ಲ. ಬೆಳಗಿನ ಜಾವ ವಿತರಕರು ಪತ್ರಿಕೆ ಹಂಚಿಕೊಳ್ಳುವ ಸ್ಥಳದಲ್ಲಿ ನಡೆಯುತ್ತದೆ. ಆದುದರಿಂದ ಪತ್ರಿಕಾ ಕಚೇರಿಗೆ ದೂರುವುದಕ್ಕಿಂತ ಮನೆಗೆ ಪತ್ರಿಕೆ ಹಾಕುವವರಿಗೆ ತಿಂಗಳ ಬಿಲ್ಲು ಕೊಡುವಾಗ ನೇರವಾಗಿ ಹೇಳುವುದು ಫಲಕಾರಿ. ಕರಪತ್ರದಿಂದ ವಿತರಕರಿಗೆ ಅಷ್ಟಿಷ್ಟು ಆದಾಯವಿದೆ ಎಂಬುದನ್ನು ಮರೆಯಬಾರದು. ಊರಿನಲ್ಲಿ ಕರಪತ್ರ ಬೇಡವೆನ್ನುವ ಮನೆಗಳ ಸಂಖ್ಯೆ ಮೊದಲೇ ತಿಳಿದರೆ ಜಾಹೀರಾತುದಾರರೂ ಅಷ್ಟು ಕಡಿಮೆ ಮುದ್ರಿಸಬಹುದು. ಬೇಕೆನ್ನುವ ಮನೆಗಳಿಗೆ ವಿತರಣೆ ಮುಂದುವರಿಯುತ್ತದೆ.

ಗೇಟಿಗೆ ಸಿಕ್ಕಿಸಿ ಹೋಗುವ ಕರಪತ್ರಗಳಿಗೆ ‘ಈ ಮನೆಗೆ ಜಾಹೀರಾತು ಕರಪತ್ರ ಬೇಡ’ ಎಂಬ ಚಿಕ್ಕ ಫಲಕ ಸಾಕು. ಹಂಚುವವರಿಗೆ ಅರ್ಥವಾಗುವಂತೆ ಅಗತ್ಯವಿದ್ದಲ್ಲಿ ಕನ್ನಡದೊಡನೆ ಮರಾಠಿಯಲ್ಲಿಯೂ ಬರೆಯಿಸಬಹುದು.

ಅಂಚೆಯ ಮೂಲಕ ಬರುವವು

ಹೆಸರು ಮತ್ತು ವಿಳಾಸ ಹೊತ್ತು ಬರುವ ಜಾಹೀರಾತು ಪತ್ರವನ್ನು ಸ್ವೀಕರಿಸಲೇಬೇಕೆಂಬ ಕಟ್ಟಳೆಯಿಲ್ಲ. ತೆರೆಯದೆ, ‘ನಿರಾಕರಿಸಲಾಗಿದೆ’ ಎಂದು ತಿಳಿಸಿ ಪೋಸ್ಟ್‌ಮನ್‌ಗೆ ಹಿಂದಿರುಗಿಸಬಹುದು. ಶಾಶ್ವತ ಪರಿಹಾರವೆಂದರೆ ಕಳುಹಿಸಿದ ಸಂಸ್ಥೆಗೆ ಬರೆದು, ತಮ್ಮ ಹೆಸರನ್ನು ಪಟ್ಟಿಯಿಂದ ತೆಗೆಯಲು ಕೋರುವುದು. ಸಂಸ್ಥೆಗಳಿಗೆ ವಿಳಾಸ ದೊರೆಯುವುದು ಬಹುಮಟ್ಟಿಗೆ ಜನರಿಂದಲೇ: ಜಾತ್ರೆಯ ಮಳಿಗೆಯಲ್ಲಿ ತುಂಬಿದ ಬಹುಮಾನದ ಕೂಪನ್, ಅಂಗಡಿಯ ಸದಸ್ಯತ್ವ ಚೀಟಿ, ಬಿಲ್ಲು ಮಾಡುವಾಗ ಹೇಳಿದ ಮೊಬೈಲ್ ಸಂಖ್ಯೆ. ಬಿಲ್ಲು ನೀಡಲು ಗ್ರಾಹಕರ ಮೊಬೈಲ್ ಸಂಖ್ಯೆಯನ್ನು ಒತ್ತಾಯಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಮೇ ತಿಂಗಳಿನಲ್ಲಿಯೇ ಚಿಲ್ಲರೆ ವ್ಯಾಪಾರಿಗಳಿಗೆ ಸಲಹೆ ನೀಡಿದೆ. ಸಂಖ್ಯೆ ಕೊಡದೆಯೂ ಬಿಲ್ಲು ಕೇಳುವುದು ಗ್ರಾಹಕರ ಹಕ್ಕಿಗೆ ಅನುಗುಣವಾದುದು.

ಮೊಬೈಲ್ ಸಂದೇಶ ಮತ್ತು ಕರೆ: 1909

ಜಾಹೀರಾತು ಸಂದೇಶ ಮತ್ತು ಕರೆಗಳನ್ನು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) 2018ರ ನಿಯಮಾವಳಿ ನಿಯಂತ್ರಿಸುತ್ತದೆ. ನೋಂದಣಿಯ ವಿಧಾನ ಸರಳವಾಗಿದೆ. ತಮ್ಮ ಮೊಬೈಲ್‌ನಿಂದ 1909ಕ್ಕೆ ಕರೆ ಮಾಡಬೇಕು. ಅಥವಾ ಇಂಗ್ಲಿಷ್ ಅಕ್ಷರಗಳಲ್ಲಿ ‘ಸ್ಟಾರ್ಟ್’ ಎಂದು ಬರೆದು, ಒಂದು ಜಾಗ ಬಿಟ್ಟು, 0 ಅಂಕಿ ಸೇರಿಸಿ 1909ಕ್ಕೆ ಎಸ್‌ಎಂಎಸ್ ಕಳುಹಿಸಬೇಕು. ಎಲ್ಲ ಬಗೆಯ ಜಾಹೀರಾತುಗಳೂ ಬೇಡವೆಂದು ಇದರಿಂದ ದಾಖಲಾಗುತ್ತದೆ. ಸೊನ್ನೆಯ ಬದಲು 1 ಬರೆದರೆ ಬ್ಯಾಂಕ್, ವಿಮೆ ಮತ್ತು ಸಾಲದ ಜಾಹೀರಾತು, 2 ಬರೆದರೆ ನಿವೇಶನ ಮತ್ತು ಕಟ್ಟಡಗಳ ಜಾಹೀರಾತು, 3 ಬರೆದರೆ ಶಿಕ್ಷಣದ ಜಾಹೀರಾತು, ಹೀಗೆ ಬೇಕಾದ ವರ್ಗವನ್ನಷ್ಟೇ ತಡೆಯಬಹುದು.

ನೋಂದಾಯಿಸಿದರೆ ಬ್ಯಾಂಕಿನ ಸಂದೇಶ ನಿಂತುಹೋಗಬಹುದು, ಸರ್ಕಾರದ ಯೋಜನೆಯ ಹಣ ಜಮೆಯಾದದ್ದು ತಿಳಿಯದೇ ಹೋಗಬಹುದು ಎಂಬ ಅಂಜಿಕೆಗೆ ಆಧಾರವಿಲ್ಲ. ಒಟಿಪಿ, ಖಾತೆಯ ಜಮಾ-ಖರ್ಚು, ಸರ್ಕಾರದ ಸೂಚನೆಗಳು ಜಾಹೀರಾತಿನ ವರ್ಗಕ್ಕೆ ಸೇರುವುದಿಲ್ಲವಾದ್ದರಿಂದ ಎಂದಿನಂತೆ ಬರುತ್ತವೆ. 2025ರಿಂದ ಇದನ್ನು ಗುರುತಿಸುವುದೂ ಸುಲಭವಾಗಿದೆ. ಕಳುಹಿಸಿದವರ ಹೆಸರಿನ ಕೊನೆಯಲ್ಲಿ ಇಂಗ್ಲಿಷಿನ ‘ಪಿ’ ಇದ್ದರೆ ಜಾಹೀರಾತು, ‘ಎಸ್’ ಇದ್ದರೆ ಸೇವೆಯ ಸಂದೇಶ, ‘ಟಿ’ ಇದ್ದರೆ ವ್ಯವಹಾರದ ಸಂದೇಶ, ‘ಜಿ’ ಇದ್ದರೆ ಸರ್ಕಾರದ ಸಂದೇಶ. ನೋಂದಾಯಿತ ಸಂಸ್ಥೆಗಳ ಜಾಹೀರಾತು ಕರೆಗಳಿಗೆ 140ರಿಂದ ಆರಂಭವಾಗುವ ಸಂಖ್ಯೆಗಳನ್ನು ನಿಗದಿಪಡಿಸಲಾಗಿದೆ.

ನೋಂದಣಿಯ ನಂತರವೂ ಜಾಹೀರಾತು ಬಂದರೆ 7 ದಿನಗಳೊಳಗೆ 1909ಕ್ಕೆ ಅಥವಾ ಟ್ರಾಯ್‌ನ ಡಿಎನ್‌ಡಿ ಆ್ಯಪ್ ಮೂಲಕ ದೂರು ನೀಡಬಹುದು. ಸಾಮಾನ್ಯ ಹತ್ತಂಕಿಯ ಸಂಖ್ಯೆಯಿಂದ ಜಾಹೀರಾತು ಮಾಡುವ ನೋಂದಣಿರಹಿತರ ವಿರುದ್ಧ ದೂರು ಕೊಡಲು, 2025ರ ತಿದ್ದುಪಡಿಯ ಬಳಿಕ, ಮುಂಚಿತ ನೋಂದಣಿಯೂ ಬೇಕಿಲ್ಲ. ವಾಟ್ಸ್‌ಆ್ಯಪ್ ಸಂದೇಶಗಳಿಗೆ 1909ರ ನೋಂದಣಿ ಅನ್ವಯಿಸುವುದಿಲ್ಲ. ಅವುಗಳನ್ನು ಆ ಆ್ಯಪ್‌ನಲ್ಲಿಯೇ ಬ್ಲಾಕ್ ಮಾಡಬೇಕು. ಜಾಹೀರಾತಿನ ವೇಷದಲ್ಲಿ ವಂಚನೆಗೆ ಯತ್ನ ನಡೆದಿದ್ದರೆ ಸಂಚಾರ್ ಸಾಥಿ ಜಾಲತಾಣದ ‘ಚಕ್ಷು’ ವಿಭಾಗದಲ್ಲಿ ತಿಳಿಸಬೇಕು. ಹಣ ಕಳೆದುಕೊಂಡಿದ್ದರೆ ವಿಳಂಬವಿಲ್ಲದೆ 1930ಕ್ಕೆ ಕರೆ ಮಾಡಬೇಕು.

ಎಸೆಯಬಾರದ ಕರಪತ್ರ

ನಗರದಂಚಿನ ಗ್ರಾಮಗಳಲ್ಲಿ ನಿವೇಶನ ಮಾರಾಟದ ಕರಪತ್ರಗಳಿಗೆ ವಿಶೇಷ ಗಮನ ಬೇಕು. 2016ರ ಸ್ಥಿರಾಸ್ತಿ ಕಾಯ್ದೆಯ (ರೇರಾ) ಪ್ರಕಾರ, ನೋಂದಣಿ ಅಗತ್ಯವಿರುವ ಯೋಜನೆಯನ್ನು ನೋಂದಾಯಿಸದೆ ಜಾಹೀರಾತು ನೀಡುವಂತಿಲ್ಲ. ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ನಮೂದಾಗಿರಬೇಕು. 500 ಚದರ ಮೀಟರಿಗಿಂತ ಹೆಚ್ಚಿನ ಭೂಮಿಯಲ್ಲಿ ನಿರ್ಮಾಣವಾಗುವ ಬಡಾವಣೆಗಳಿಗೆ ಸಾಮಾನ್ಯವಾಗಿ ಇದು ಅನ್ವಯಿಸುತ್ತದೆ. ಸಂಖ್ಯೆಯಿಲ್ಲದ ಕರಪತ್ರವು ದೂರಿಗೆ ಸಾಕ್ಷ್ಯವಾಗಬಲ್ಲದು. ಅದನ್ನು ರದ್ದಿಗೆ ಹಾಕದೆ ಇಟ್ಟುಕೊಳ್ಳಬೇಕು. ಜೀವಮಾನದ ಉಳಿತಾಯವನ್ನು ಮುಂಗಡವಾಗಿ ಕೊಡುವ ಮುನ್ನ ಗ್ರಾಮ ಪಂಚಾಯತಿಗೆ ಬಂದು, ಇ-ಸ್ವತ್ತು ತಂತ್ರಾಂಶದಲ್ಲಿ ಆ ಆಸ್ತಿಯ ನಮೂನೆ 9 ಮತ್ತು 11 ಪರಿಶೀಲಿಸಿಕೊಳ್ಳುವಂತೆ ಸದಸ್ಯರು ಜನರಿಗೆ ತಿಳಿಹೇಳಬೇಕು.

ಸ್ಥಳೀಯ ಸಂಸ್ಥೆ ಏನು ಮಾಡಬಲ್ಲದು?

ನೆದರ್‌ಲ್ಯಾಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್ ನಗರಾಡಳಿತವು 2018ರ ಜನವರಿಯಿಂದ ಒಂದು ಹೊಸ ಪದ್ಧತಿ ತಂದಿತು. ಅದಕ್ಕೆ ಮುನ್ನ ಕರಪತ್ರ ಬೇಡವೆನ್ನುವವರು ಅಂಚೆಪೆಟ್ಟಿಗೆಗೆ ‘ಬೇಡ’ ಎಂಬ ಚೀಟಿ ಅಂಟಿಸಬೇಕಿತ್ತು. ಹೊಸ ಪದ್ಧತಿಯಲ್ಲಿ ‘ಬೇಕು’ ಎಂದು ಅಂಟಿಸಿದ ಮನೆಗಷ್ಟೇ ವಿಳಾಸವಿಲ್ಲದ ಕರಪತ್ರ ಹಾಕಬೇಕು. ವ್ಯಾಪಾರಸ್ಥರು ನ್ಯಾಯಾಲಯಕ್ಕೆ ಹೋದರು. 2021ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ನಗರಾಡಳಿತದ ಕ್ರಮವನ್ನು ಎತ್ತಿಹಿಡಿಯಿತು. ಅಲ್ಲಿನ ಕಾನೂನು ಬೇರೆ, ಇಲ್ಲಿನದು ಬೇರೆ. ಆದರೂ ಕಸ ಎತ್ತುವ ಹೊಣೆ ಹೊತ್ತ ಸ್ಥಳೀಯ ಸಂಸ್ಥೆಗೆ ಆ ಕಸ ಹುಟ್ಟುವ ಹಂತದಲ್ಲಿಯೂ ಮಾತನಾಡುವ ಕಾರಣವಿದೆ ಎಂಬ ವಿಚಾರ ಎರಡೂ ಕಡೆಗೆ ಸಲ್ಲುತ್ತದೆ. ಇಲ್ಲಿ ಆ ಕೆಲಸ ಮನವೊಲಿಕೆಯಿಂದ ಆರಂಭವಾಗಬಹುದು.

ಸದಸ್ಯರು ತಮ್ಮ ವಾರ್ಡ್ ಸಭೆಗಳಲ್ಲಿ ಕೆಳಗಿನ ವಿಷಯಗಳನ್ನು ಮಂಡಿಸಬಹುದು:

1. ವಾರ್ಡಿನಲ್ಲಿ ಕರಪತ್ರ ಬೇಡವೆನ್ನುವ ಮನೆಗಳ ಸಂಖ್ಯೆಯನ್ನು ಗುರುತಿಸಿ, ಪತ್ರಿಕಾ ವಿತರಕರೊಡನೆ ಕುಳಿತು ಮಾತನಾಡುವುದು.

2. ಓದು ಬಾರದವರು, ವಯೋವೃದ್ಧರು ಹಾಗೂ ಒಂಟಿಯಾಗಿರುವವರಿಗೆ ಸಭೆಯ ಸ್ಥಳದಲ್ಲಿಯೇ, ಅವರ ಒಪ್ಪಿಗೆ ಪಡೆದು, 1909ರ ನೋಂದಣಿ ಮಾಡಿಕೊಡುವುದು. ಈ ಸಂದರ್ಭದಲ್ಲಿ ಯಾರೂ ಅವರ ಒಟಿಪಿಯನ್ನು ಕೇಳಬಾರದು.

3. ಕಾಗದವನ್ನು ಒಣಗಿದ ಸ್ಥಿತಿಯಲ್ಲಿ ಕಟ್ಟು ಕಟ್ಟಿ, ಲ್ಯಾಮಿನೇಟೆಡ್ ಹಾಳೆಗಳನ್ನು ಬೇರ್ಪಡಿಸಿ ಸ್ವಚ್ಛವಾಹಿನಿಗೆ ನೀಡುವಂತೆ ಮನೆಗಳಿಗೆ ತಿಳಿಸುವುದು.

4. ಲಸಿಕೆ, ಗ್ರಾಮ ಸಭೆ, ಕುಡಿಯುವ ನೀರಿನ ಸೂಚನೆಗಳಂತಹ ಸಾರ್ವಜನಿಕ ಪತ್ರಗಳು ಜಾಹೀರಾತಲ್ಲ. ‘ಬೇಡ’ ಎಂಬ ಫಲಕವಿರುವ ಮನೆಗೂ ಅವು ತಲುಪಬೇಕೆಂದು ಸ್ಪಷ್ಟಪಡಿಸುವುದು.

ಬೇಡದ ಕಾಗದದ ರಾಶಿಯಲ್ಲಿ ಬೇಕಾದ ಪತ್ರ ಕಾಣೆಯಾಗುತ್ತದೆ. ಹತ್ತು ಸಾಲದ ಸಂದೇಶಗಳ ನಡುವೆ ಬ್ಯಾಂಕಿನ ಎಚ್ಚರಿಕೆಯ ಸಂದೇಶವೊಂದು ಓದದೆ ಉಳಿಯುತ್ತದೆ. ಜಾಹೀರಾತು ಕಡಿಮೆಯಾದ ಮನೆಗೆ ಗ್ರಾಮ ಸಭೆಯ ತಿಳುವಳಿಕೆ ಪತ್ರವೂ ಸರಿಯಾಗಿ ತಲುಪುತ್ತದೆ.