ಹಳೆಯ ಟ್ರ್ಯಾಕ್ಟರಿನ ಕಾಲನಿರ್ಣಯ

ಶಾಸನದ ಕಾಲವನ್ನು ಲಿಪಿಯಿಂದ ನಿರ್ಣಯಿಸುವ ನಾವು, ರೈತನ ಅಂಗಳದ ಟ್ರ್ಯಾಕ್ಟರಿನ ಕಾಲವನ್ನು ಮಾತ್ರ ಮನೆಯವರ ನೆನಪಿಗೆ ಬಿಟ್ಟುಬಿಡುತ್ತೇವೆ. ದಾವಣಗೆರೆ, ಹರಿಹರಗಳ ಸೀಮೆಯಲ್ಲಿ ಎತ್ತಿನ ಬೇಸಾಯವು ಯಂತ್ರಕ್ಕೆ ಎಡೆಗೊಟ್ಟ ಬಗೆಯನ್ನು ಬರೆಯಹೊರಟವರಿಗೆ ಇದು ಸಣ್ಣ ಲೋಪವಲ್ಲ. ಹತ್ತು ವರ್ಷ ತಪ್ಪಿದರೆ, ಭದ್ರಾ ನಾಲೆಯ ನೀರಿಗಿಂತ ಮುಂಚೆ ಬಂದ ಯಂತ್ರವು ಅದರ ಫಲವೆನಿಸಿಬಿಡುತ್ತದೆ.

ಮ್ಯಾಸಿ ಫರ್ಗುಸನ್ 35 ಎಂಬುದನ್ನೇ ನೋಡೋಣ. ಇದರ ಪೂರ್ವರೂಪವು 1956ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಿಂದ ಬೂದು, ಹೊಂಬಣ್ಣಗಳಲ್ಲಿ ಹೊರಬಂದಿತು. ಕೆಂಪು ಬಣ್ಣವೂ ಹೊಸ ಹೆಸರೂ 1957ರ ಕೊನೆಗೆ ಬಂದವು. ಆದರೆ ಬಣ್ಣವನ್ನು ನಂಬಲಾಗದು. ಯಾವ ಆಯುಧಪೂಜೆಗೆ ಯಾರು ಬಳಿದರೋ! ಸಿಲಿಂಡರುಗಳನ್ನು ಎಣಿಸುವುದು ಮೇಲು. ಮೊದಲ ಡೀಸೆಲ್ ಮಾದರಿಗಳಲ್ಲಿ ಇದ್ದುದು ಸ್ಟ್ಯಾಂಡರ್ಡ್ ಕಂಪೆನಿಯ ನಾಲ್ಕು ಸಿಲಿಂಡರಿನ ಎಂಜಿನ್. ಚಳಿಯಲ್ಲಿ ಹೊತ್ತಿಕೊಳ್ಳಲು ಅದು ಬಹಳ ಸತಾಯಿಸುತ್ತಿತ್ತು. 1959ರ ಕೊನೆಯಲ್ಲಿ ಪರ್ಕಿನ್ಸ್ ಕಂಪೆನಿಯ ಮೂರು ಸಿಲಿಂಡರಿನದು ಅದರ ಸ್ಥಾನಕ್ಕೆ ಬಂದಿತು. ಮದರಾಸಿನ ಟಾಫೆ ಸಂಸ್ಥೆ ಸ್ಥಾಪಿತವಾದುದು 1960ರಲ್ಲಿ. ಆದುದರಿಂದ ನಾಲ್ಕು ಸಿಲಿಂಡರಿನ ಮೂಲ ಎಂಜಿನ್ನುಳ್ಳ ಟ್ರ್ಯಾಕ್ಟರು ವಿದೇಶದಿಂದ ಬಂದದ್ದೆಂದೇ ತಿಳಿಯಬೇಕು.

‘ಮೂಲ’ ಎಂಬ ಮಾತಿನಲ್ಲಿಯೇ ತೊಡಕಿದೆ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಗಿ ಲೇತುಗಳನ್ನು ತಯಾರಿಸಿದ ಹರಿಹರದಲ್ಲಿ, ಎಂಜಿನ್ ಬದಲಿಸಬಲ್ಲ ಕೈಗಳಿಗೆ ಬರವಿದ್ದೀತೆ? ಆದಕಾರಣ ಮುಂಭಾಗದ ಮೀಟರ್ ಫಲಕದ ಮೇಲಿರುವ ತಗಡಿನ ಕ್ರಮಸಂಖ್ಯೆಯನ್ನು ಓದಿ, ತಯಾರಕರ ವರ್ಷವಾರು ಪಟ್ಟಿಯೊಡನೆ ಹೋಲಿಸಬೇಕು. ಆರ್.ಸಿ. ಪುಸ್ತಕದಲ್ಲಿ ನೋಂದಣಿಯಾದ ದಿನವೇ ಎದ್ದು ಕಾಣುವುದು. ತಯಾರಾದ ವರ್ಷ ಅದಕ್ಕಿಂತ ಹಿಂದಿನದಿರಬಹುದು. ತಗಡು ಕಿತ್ತುಹೋಗಿ ಮೂರು ಸಿಲಿಂಡರು ಮಾತ್ರ ಕಂಡರೆ, ಎಂಜಿನ್ 1959ಕ್ಕಿಂತ ಹಿಂದಿನದಲ್ಲವೆಂದಷ್ಟೇ ನಾವು ಬರೆಯುತ್ತೇವೆ. ಟ್ರ್ಯಾಕ್ಟರಿನ ವರ್ಷವನ್ನು ಬರೆಯುವುದಿಲ್ಲ.